ಬಾಯಿ ಬಿಟ್ಟವರ ಮನೆ

ಬ್ರಾಕ್‌ದೋ
೪ ಸೆಪ್ಟೆಂಬರ್ ೧೯೯೪

ಕರಾಚಿಯಲ್ಲಿರುವ ನನ್ನ ಕನೀಜ್‌ಗೆ ಮಾಮೂ ಮೆಹದಿಯ ಸಲಾಂ.

ಎತ್ತರದಲ್ಲಿ ಲೋಕಕ್ಕೇ ಎರಡನೆಯದಾದ ಚೊಗೋರಿ ಶಿಖರವನ್ನು ಮೊಟ್ಟಮೊದಲು ಹತ್ತಿದವನು ನಿನ್ನ ಮಾಮೂ. ಇದನ್ನು ಹಾಸ್ಟೆಲಿನ ಹುಡುಗಿಯರಿಗೆಲ್ಲ ಗಟ್ಟಿಯಾಗಿ ಓದಿ ಹೇಳು. ಆಗ ನನಗೆ ಹದಿಮೂರು. ತಪ್ಪಿಸಿಕೊಂಡ ಮೇಕೆಯೊಂದನ್ನು ಹುಡುಕುತ್ತ ಹೋದೆ. ಮೇಕೆ ತುತ್ತತುದಿಯಲ್ಲಿ ನಿಂತು ಚೀನಾದ ಕಡೆ ನೋಡುತ್ತಿತ್ತು. ಕಿವಿ ಹಿಡಿದು ಎಳೆದುಕೊಂಡು ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಿದೆ. ಹಗ್ಗ, ಡೇರೆ, ಡಬ್ಬಿಮೀನು ಹೊರಿಸಿಕೊಂಡು ಪರದೇಶದವರು ಬಂದದ್ದು ಆಮೇಲೆ. ಪುಸ್ತಕಗಳಲ್ಲಿ ನನ್ನ ಹೆಸರಿಲ್ಲ, ಏಕೆಂದರೆ ಅವರು ಮೇಕೆಯ ಸಾಕ್ಷಿಯನ್ನು ಒಪ್ಪುವುದಿಲ್ಲ.

ಇಷ್ಟು ದೊಡ್ಡ ಮನುಷ್ಯನಿಗೆ ಊರಿನಲ್ಲಿ ಒಂದು ಬುಟ್ಟಿ ಹೊರಲು ಜಾಗ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಅದಕ್ಕೇ ಈ ಪತ್ರ.

ಈ ಶರತ್ಕಾಲ ನಮ್ಮೂರಿನವರು ಹಿಮಕ್ಕೆ ಮದುವೆ ಮಾಡುತ್ತಿದ್ದಾರೆ. ನೀನು ಹುಟ್ಟಿದ ಮೇಲೆ ಒಮ್ಮೆಯೂ ಆಗಿಲ್ಲ, ಅವರಿವರ ಬಾಯಲ್ಲಿ ಅರ್ಧಂಬರ್ಧ ಕೇಳಿರುತ್ತೀ, ಆದ್ದರಿಂದ ಸರಿಯಾಗಿ ಬರೆಯುತ್ತೇನೆ. ಕಲ್ಲುಮಣ್ಣು ಹೊದ್ದು ಕಪ್ಪಗಿರುವ ಹಿಮನದಿ ಗಂಡು. ಬೆಳ್ಳಗೆ, ಒಳಗೆ ನೀಲಿಯಾಗಿ ಹೊಳೆಯುವುದು ಹೆಣ್ಣು. ಎರಡರಿಂದಲೂ ಗಡ್ಡೆ ಕಡಿದು, ಬುಟ್ಟಿಗೆ ತುಂಬಿ ಬೆನ್ನ ಮೇಲೆ ಹೊತ್ತು, ಊರ ಮೇಲಿನ ಬಿಸಿಲು ಬೀಳದ ಕಣಿವೆಯಲ್ಲಿ ಗುಂಡಿ ತೋಡಿ ಜೊತೆಗಿಟ್ಟು, ಇದ್ದಿಲು ಹೊಟ್ಟು ಮುಚ್ಚಿ ಬರುವುದು. ಹತ್ತು ಹನ್ನೆರಡು ವರ್ಷದಲ್ಲಿ ಅಲ್ಲಿ ಒಂದು ಮರಿ ಹಿಮನದಿ ಬೆಳೆಯುತ್ತದೆ. ಅದರ ನೀರು ಮೊದಲು ಇಳಿಯುವುದು ನಿನ್ನ ಅಮ್ಮ ನಿನಗೆ ಬಿಟ್ಟುಹೋದ ಮೂರು ಮೆಟ್ಟಿಲು ಹೊಲಕ್ಕೆ. ಈಗ ಅಲ್ಲಿ ಮುಳ್ಳು ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲ, ನಿನಗೇ ಗೊತ್ತು.

ಹೊರುವವರು ನಾಲ್ವರು. ಬುಟ್ಟಿ ನೆಲಕ್ಕೆ ತಾಗಬಾರದು. ಹೊತ್ತ ಗಳಿಗೆಯಿಂದ ಇಳಿಸುವವರೆಗೆ ಹೊತ್ತವನ ಬಾಯಿಂದ ಒಂದು ಮಾತೂ ಬರಬಾರದು. ಬಂದರೆ ಹಿಮ ಬೆದರುತ್ತದೆ, ಉಳಿಯುವುದಿಲ್ಲ.

ನಲವತ್ತು ವರ್ಷದ ಹಿಂದೆ ನನ್ನ ಅಪ್ಪ, ಅಂದರೆ ನಿನ್ನ ಅಜ್ಜ, ಹೊತ್ತಿದ್ದ. ಗುಂಡಿ ಇನ್ನು ನೂರು ಹೆಜ್ಜೆ ಇದೆ ಎನ್ನುವಾಗ ಸೀನು ಬಂತು. ಸೀನಿದ ಮೇಲೆ ನಮ್ಮವರು ಏನು ಹೇಳುತ್ತಾರೆ? ‘ಅಲ್ಹಮ್ದುಲಿಲ್ಲಾ’ ಅಂದುಬಿಟ್ಟ. ಎರಡು ಬೇಸಿಗೆಯಲ್ಲಿ ಗಡ್ಡೆ ಕರಗಿಹೋಯಿತು. ದೇವರನ್ನು ಹೊಗಳಿದ್ದಕ್ಕೆ ಹಿಮ ಸತ್ತಿತು ಎಂದರೆ ಮಸೀದಿಯ ಶೇಖ್ ಸಾಹೇಬರು ಒಪ್ಪಲಿಕ್ಕಿಲ್ಲ, ಆದರೆ ಊರು ಒಪ್ಪಿತು. ಅಂದಿನಿಂದ ನಮ್ಮದು ಬಾಯಿ ಬಿಟ್ಟವರ ಮನೆ. ಅಪ್ಪ ಸಾಯುವವರೆಗೂ ಸೀನು ಬಂದಾಗಲೆಲ್ಲ ಎದ್ದು ಮನೆಯ ಹೊರಗೆ ಹೋಗುತ್ತಿದ್ದ. ಚಳಿಗಾಲದಲ್ಲೂ.

ಈಗ ಹೊರುವವರನ್ನು ಆರಿಸುವವನು ನಮ್ಮ ನೀರುಗಂಟಿ ರುಸ್ತಮ್. ನಾನು, ಅವನು, ಗಿರಣಿಯ ತಖಿ, ಮೂವರೂ ಒಂದೇ ಹಲಗೆಯ ಮೇಲೆ ಅಕ್ಷರ ಕಲಿತವರು. ಆ ಸಲಿಗೆಯಲ್ಲಿ ಕೇಳಿದೆ.

‘ನಾನೂ ಬರ್ತೀನಿ ಕಣೋ.’

‘ನೀನಾ?’ ಅಂದ. ‘ನಿನ್ನ ಬಾಯಿಗಿಂತ ಆ ಜಲಪಾತ ವಾಸಿ ಕಣೋ ಮೆಹದಿ. ಅದು ಚಳಿಗಾಲದಲ್ಲಾದ್ರೂ ಹೆಪ್ಪುಗಟ್ಟಿ ಸುಮ್ನಾಗತ್ತೆ.’

ಆದ್ದರಿಂದ ಒಂದು ಉಪಾಯ ಮಾಡಿದ್ದೇನೆ. ಸ್ಕರ್ದುವಿನ ಬಜಾರಿನಲ್ಲಿ ಪರ್ವತ ಹತ್ತುವವರು ಬಿಟ್ಟುಹೋದ ಸಾಮಾನು ಮಾರುತ್ತಾರಲ್ಲ, ಅಲ್ಲಿ ಕಿತ್ತಳೆ ಬಣ್ಣದ ಒಂದು ಡೇರೆ ಕೊಂಡೆ. ಮೂವತ್ತು ವರ್ಷ ಬೇರೆಯವರ ಡೇರೆ ಹೊತ್ತವನು ನಾನು, ಈಗ ನನ್ನದೇ ಡೇರೆ. ರುಸ್ತಮನನ್ನೂ ತಖಿಯನ್ನೂ ಕರೆದುಕೊಂಡು ನಾಲ್ಕು ದಿನ ಪರದೇಶದವರ ಹಾಗೆ ಸುಮ್ಮನೆ ನೋಡಲು ಹೋಗುತ್ತಿದ್ದೇನೆ. ಜಲಪಾತ, ಬಿಳಿ ಹಿಮ, ಕಪ್ಪು ಹಿಮ, ಎಲ್ಲ. ಆ ನಾಲ್ಕು ದಿನದಲ್ಲಿ ನಾನು ಹೇಗೆ ಬಾಯಿ ಮುಚ್ಚಿಕೊಂಡಿರುತ್ತೇನೆಂದು ರುಸ್ತಮ್ ಕಣ್ಣಾರೆ ನೋಡಲಿ.

ನಿನ್ನ ಪರೀಕ್ಷೆಯ ಫಲಿತಾಂಶ ಏನಾಯಿತು? ಬರೆ. ಇಲ್ಲಿ ನಾನು ಆಗಲೇ ಪಾಸು ಎಂದು ಹೇಳಿಯಾಗಿದೆ.

ಮಾಮೂ

*

ಕರಾಚಿ
೧೯ ಸೆಪ್ಟೆಂಬರ್ ೧೯೯೪

ಮಾಮೂಗೆ ಕನೀಜ್‌ಳ ಆದಾಬ್.

ಹೋದ ವರ್ಷದ ಪತ್ರದಲ್ಲಿ ನಿಮಗೆ ಹನ್ನೆರಡು ವರ್ಷ, ಮೇಕೆ ಕುರಿಯಾಗಿತ್ತು. ಹಾಸ್ಟೆಲಿನ ಹುಡುಗಿಯರಿಗೆ ಓದಿ ಹೇಳಿದೆ. ಮುಂದಿನ ವರ್ಷ ಅದು ಕೋಳಿ ಆಗಬಹುದೇ ಎಂದು ಕೇಳುತ್ತಿದ್ದಾರೆ.

ನೀವು ಬಾಯಿ ಮುಚ್ಚಿಕೊಂಡದ್ದನ್ನು ನಾನು ಜನ್ಮದಲ್ಲಿ ಒಂದೇ ಸಲ ನೋಡಿದ್ದೇನೆ. ಹೆಣ್ಣುಮಗಳನ್ನು ನರ್ಸ್ ಕೆಲಸ ಕಲಿಯಲು ಕರಾಚಿಗೆ ಕಳಿಸಬಾರದು ಎಂದು ದೊಡ್ಡಪ್ಪಂದಿರು ಕೂತು ಹೇಳುತ್ತಿದ್ದಾಗ. ನಿಮ್ಮ ಬಾಯಲ್ಲಿ ಜರ್ದಾಲು ಇತ್ತು. ಅದನ್ನು ತಿಂದು ಮುಗಿಸಿ ಬೀಜ ಉಗಿದವರು ಎರಡು ದಿನ ನಿಲ್ಲಿಸದೆ ಮಾತಾಡಿದಿರಿ. ಅವರು ಒಪ್ಪಿದ್ದು ನ್ಯಾಯಕ್ಕಲ್ಲ, ನಿದ್ದೆ ಮಾಡಬೇಕಾಗಿತ್ತು ಅದಕ್ಕೆ. ಆದ್ದರಿಂದ ನಿಮ್ಮ ಬಾಯಿಯ ಮೇಲೆ ನನಗೆ ದೂರಿಲ್ಲ. ರುಸ್ತಮ್ ಚಾಚಾಗೆ ಇರಬಹುದು.

ಫಲಿತಾಂಶ ಇನ್ನೂ ಬಂದಿಲ್ಲ. ಕಾಗದಪತ್ರದ ಕೆಲಸವಂತೆ, ತಡವಾಗಿದೆ. ಅಕ್ಟೋಬರಿನಲ್ಲಿ ಬರುತ್ತದೆ. ಬಂದ ದಿನ ಖಪ್ಲು ಬಜಾರಿನ ಫೋನ್ ಅಂಗಡಿಗೆ ಹೇಳುತ್ತೇನೆ, ಅವರು ಜೀಪಿನವನ ಕೈಯಲ್ಲಿ ಸುದ್ದಿ ಕಳಿಸುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ಯಾರಿಗೂ ಏನೂ ಹೇಳಬೇಡಿ. ಹೇಳಿಯಾಗಿದ್ದರೆ ವಾಪಸ್ ತೆಗೆದುಕೊಳ್ಳಿ.

ಅಮ್ಮನ ಹೊಲಕ್ಕೆ ನೀರು ಬಂದರೆ ನೋಡಬೇಕು ಎಂದು ನನಗೂ ಆಸೆ. ಆದರೆ ನೀವು ಆ ಕಡಿದಾದ ದಾರಿಯಲ್ಲಿ ಹೊರೆ ಹೊತ್ತು ಬೀಳಬೇಡಿ. ನಿಮಗೆ ಐವತ್ಮೂರು. ಮೇಕೆಯ ಲೆಕ್ಕದಲ್ಲಿ ಎಷ್ಟೋ ಗೊತ್ತಿಲ್ಲ.

ಕನೀಜ್

*

ಬ್ರಾಕ್‌ದೋ
೨ ಅಕ್ಟೋಬರ್ ೧೯೯೪

ಕನೀಜ್‌ಗೆ ಮಾಮೂನ ಸಲಾಂ.

ಹೋಗಿ ಬಂದೆವು. ಇಂಥ ಪ್ರವಾಸವನ್ನು ಈ ಕಣಿವೆಯಲ್ಲಿ ಯಾರೂ ಮಾಡಿಲ್ಲ, ಮುಂದೆಯೂ ಮಾಡುವುದಿಲ್ಲ.

ಮೊದಲ ದಿನವೇ ಒಂದು ತೊಂದರೆ ಬಂತು. ಜಲಪಾತದ ಕೆಳಗಿನ ಹುಲ್ಲುಗಾವಲಿನಲ್ಲಿ ಡೇರೆ ಹೂಡಿದೆವು. ಹೂಡುವುದೇನು ಹೊಸದೇ, ಬಿರುಗಾಳಿಯಲ್ಲಿ ಒಂದೇ ಕೈಯಲ್ಲಿ ಹೂಡಿದವರು ನಾವು. ಆದರೆ ಹೂಡಿದ ಮೇಲೆ ಮೂವರೂ ಹೊರಗೆ ನಿಂತೆವು. ಯಾರೂ ಒಳಗೆ ಹೋಗಲಿಲ್ಲ. ಜನ್ಮದಲ್ಲಿ ಒಳಗೆ ಹೋದವರಲ್ಲವಲ್ಲ! ತಖಿ ಚಪ್ಪಲಿ ಬಿಚ್ಚಿ, ಡೇರೆಯ ಬಾಗಿಲಿಗೆ ಸಲಾಂ ಹೇಳಿ, ತಲೆ ಬಗ್ಗಿಸಿ ಹೊಕ್ಕ.

‘ಹೆಂಗಿದೆಯೋ?’ ಅಂದ ರುಸ್ತಮ್.

‘ಕಿತ್ತಳೆ ಹಣ್ಣೊಳಗೆ ಹುಳ ಆದಂಗಿದೆ. ಬನ್ನಿ, ಬೆಚ್ಚಗಿದೆ.’

‘ಸರಿ, ಸಾಹೇಬ್ರೂ ನಾವೇ, ಕೂಲಿಗಳೂ ನಾವೇ. ಚಹಾ ಕಾಯಿಸೋರು ಯಾರು?’

ಉಪ್ಪು ಚಹಾ ನಾನು ಕಾಯಿಸಿದೆ. ಬೆಣ್ಣೆ ಜಾಸ್ತಿ ಹಾಕಿದೆ, ಲಂಚ ಎಂದು ರುಸ್ತಮ್ ಅಂದ. ಕುಡಿದ.

ಕನೀಜ್, ಒಂದು ಮಾತು ಹೇಳುತ್ತೇನೆ, ನಗಬೇಡ. ಪರದೇಶದವರು ಚಹಾದ ಬಟ್ಟಲು ಹಿಡಿದು ಗಂಟೆಗಟ್ಟಲೆ ಸುಮ್ಮನೆ ಕೂತು ಬೆಟ್ಟ ನೋಡುತ್ತಿದ್ದರು. ಇವರಿಗೆ ಮಾಡಲು ಕೆಲಸವಿಲ್ಲ ಎಂದುಕೊಳ್ಳುತ್ತಿದ್ದೆ. ಹಣೆಗೆ ಪಟ್ಟಿ ಕಟ್ಟಿ ಹೊರೆ ಹೊತ್ತವನು ತಲೆ ಎತ್ತುವುದಿಲ್ಲ. ಮೂವತ್ತು ವರ್ಷ ನಾನು ನೋಡಿದ್ದು ಮುಂದಿನವನ ಹಿಮ್ಮಡಿ. ಈ ಸಲ ಹೊರೆಯಿಲ್ಲದೆ ತಲೆ ಎತ್ತಿದರೆ, ನಾನು ಹುಟ್ಟಿ ಬೆಳೆದ ಜಾಗವೇ ನನಗೆ ಗುರುತು ಸಿಗಲಿಲ್ಲ. ಬಿಳಿ ಹಿಮನದಿಯ ತುಟಿಯಿಂದ ನೀರು ಹೊರಟು ಮೂರು ಮೆಟ್ಟಿಲಾಗಿ ಬೀಳುತ್ತದೆ. ಮಧ್ಯಾಹ್ನದ ಬಿಸಿಲಿಗೆ ನಡುವಿನ ಮೆಟ್ಟಿಲಲ್ಲಿ ಕಾಮನಬಿಲ್ಲು ನಿಲ್ಲುತ್ತದೆ, ಗಾಳಿ ಬಂದಾಗ ಅದೂ ಬಾಗುತ್ತದೆ. ಅದರ ಪಕ್ಕದ ಕಣಿವೆಯಲ್ಲಿ ಕಪ್ಪು ಹಿಮ, ಹಳೆಯ ಎಮ್ಮೆಯ ಹಾಗೆ ಮಲಗಿಕೊಂಡು, ಬಿಸಿಲೇರಿದಾಗ ಒಳಗೊಳಗೇ ಗುಡುಗುತ್ತದೆ.

‘ಗಂಡಿಗೆ ಅಜೀರ್ಣ,’ ಅಂದ ತಖಿ. ಆಮೇಲೆ ಜಲಪಾತದ ಕಡೆ ತಿರುಗಿ, ‘ಎಷ್ಟು ಚೆಂದ ಅಲ್ವೇನೋ!’

‘ಎಷ್ಟು ನೀರು ಪೋಲು!’ ಅಂದ ರುಸ್ತಮ್. ನೀರುಗಂಟಿಯ ಕಣ್ಣು ಅದು. ಬೆರಳಿನಲ್ಲಿ ಹೊಲ ಎಣಿಸುತ್ತಿದ್ದ.

ಎರಡನೆಯ ದಿನ ಬೆಳಿಗ್ಗೆ ಅವನೇ ಪರೀಕ್ಷೆಯ ಮಾತೆತ್ತಿದ.

‘ಸೂರ್ಯ ಹುಟ್ಟಿದಾಗಿಂದ ಮುಳುಗೋವರೆಗೆ. ನೀನು ಬಾಯಿ ಬಿಟ್ರೆ ಸಲಕ್ಕೆ ಐದು ರೂಪಾಯಿ.’

‘ಜೂಜು ಹರಾಮ್ ಕಣೋ.’

‘ಜೂಜಲ್ಲ, ದಂಡ. ಕಾಲುವೆ ರಿಪೇರಿಗೆ. ಇಗೋ, ಐದು ರೂಪಾಯಿ ಆಯ್ತು.’

‘ಇನ್ನೂ ಶುರುವೇ ಆಗಿಲ್ಲ!’

‘ಹತ್ತು.’

ತಖಿ ಜರ್ದಾಲಿನ ಬೀಜಗಳನ್ನು ಬಲ ಜೇಬಿಗೆ ತುಂಬಿಕೊಂಡ. ನಾನು ಬಾಯಿ ಬಿಟ್ಟಾಗಲೆಲ್ಲ ಒಂದೊಂದನ್ನು ಎಡ ಜೇಬಿಗೆ ಹಾಕುವುದು ಅವನ ಕೆಲಸ. ಆ ಎರಡು ಅನ್ಯಾಯದ ಬೀಜ ಬಿಟ್ಟರೆ ದಿನವಿಡೀ ನಾನು ಸೋತದ್ದು ಒಂದೇ ಒಂದು ಬೀಜ. ಒಟ್ಟು ಹದಿನೈದು ರೂಪಾಯಿ. ಬಂಡೆಗಳು ನನ್ನ ಮೌನ ನೋಡಿ ನಾಚಿದವು.

ಜಲಪಾತದ ಬುಡಕ್ಕೆ ಹೋದಾಗ ನೀರಿನ ಧೂಳು ಮುಖಕ್ಕೆ ಹೊಡೆಯಿತು, ಮೂಗಿಗೂ. ಅಲ್ಲಿ ಸಣ್ಣದೇನೋ ಆಯಿತು. ಅದನ್ನು ಬರೆಯುವಂಥದ್ದೇನಿಲ್ಲ. ರುಸ್ತಮನಿಗೆ ವಯಸ್ಸಾಗಿದೆ, ಕಿವಿ ಸರಿಯಿಲ್ಲ, ನೀರಿನ ಸದ್ದಿನಲ್ಲಿ ಏನೇನೋ ಕೇಳಿಸುತ್ತದೆ.

ಇನ್ನು ಹಿಮದ ಮದುವೆಯ ವಿಷಯ. ಹೊರುವುದು ಬೇಡವೆಂದು ನಾನೇ ಹೇಳಿಬಿಟ್ಟೆ. ಚಳಿಗಾಲಕ್ಕೆ ಸೌದೆ ಕೂಡಿಸಬೇಕು, ಮಾಳಿಗೆಗೆ ಮಣ್ಣು ಮೆತ್ತಬೇಕು, ಸಮಯವೆಲ್ಲಿದೆ? ರುಸ್ತಮ್ ಎಷ್ಟೋ ಬೇಡಿಕೊಂಡ. ‘ನೋಡೋಣ, ಮುಂದಿನ ಸಲ’ ಎಂದು ಸಮಾಧಾನ ಮಾಡಿ ಕಳಿಸಿದೆ. ಅವನು, ತಖಿ, ಮೇಲಿನ ಕೇರಿಯ ಇಬ್ಬರು ಹೊರುತ್ತಾರೆ. ಯಾವಾಗ ಎಂದು ಹೊರಗೆ ಹೇಳುವುದಿಲ್ಲ.

ಕಾಗದಪತ್ರದ ಕೆಲಸ ಬೇಗ ಮುಗಿಯಲಿ. ಒಣ ಜರ್ದಾಲು ಕಳಿಸಿದ್ದೇನೆ. ಬೀಜ ಎಸೆಯಬೇಡ.

ಮಾಮೂ

*

ಕರಾಚಿ
೫ ನವೆಂಬರ್ ೧೯೯೪

ಮಾಮೂ,

ನಾನು ಪಾಸಾದೆ. ಇಡೀ ಶಾಲೆಗೆ ಮೂರನೆಯವಳು. ಇದು ನಿಮಗೆ ಆಗಲೇ ಗೊತ್ತು ಎಂಬುದು ನನಗೆ ಗೊತ್ತು.

ಅಕ್ಟೋಬರ್ ಇಪ್ಪತ್ತೈದಕ್ಕೆ ಖಪ್ಲುವಿಗೆ ಫೋನ್ ಮಾಡಿದೆ. ಸುದ್ದಿ ಜೀಪಿನವನ ಕೈಯಲ್ಲಿ ಹೋಯಿತು. ಚಿಲಾಸ್ ಕಡೆಯವನಂತೆ, ಹೊಸಬ, ಶೇರ್ ಜಮಾನ್ ಎಂದು ಹೆಸರು. ನಿಮ್ಮಿಂದ ಉತ್ತರ ಬರುತ್ತದೆಂದು ಐದು ದಿನ ಕಾದೆ. ಮತ್ತೆ ಫೋನ್ ಮಾಡಿದಾಗ ಅವನೇ ಅಂಗಡಿಯಲ್ಲಿದ್ದ. ಅವನು ಹೇಳಿದ್ದನ್ನು ಅವನ ಮಾತಲ್ಲೇ ಬರೆಯುತ್ತೇನೆ.

‘ಬೆಹನ್, ನಿಮ್ಮ ಮಾಮೂ ಮನುಷ್ಯರಾ, ಕಲ್ಲಾ? ಹಗ್ಗದ ಸೇತುವೆ ಹತ್ರ ಅಂಗಡಿಯವನನ್ನ ಕೇಳಿದೆ, ಮೆಹದಿ ಅಂದ್ರೆ ಯಾರು ಅಂತ. ಬೆರಳು ತೋರಿಸ್ದ. ಬೆನ್ನಿಗೆ ಬುಟ್ಟಿ ಹೊತ್ಕೊಂಡು ಸೇತುವೆ ಮೇಲೆ ಹೋಗ್ತಿದ್ರು. ಕೂಗಿ ಸಲಾಂ ಹೇಳ್ದೆ. ವಾಪಸ್ ಸಲಾಂ ಇಲ್ಲ! ಕನೀಜ್ ಪಾಸು, ಮೂರನೇ ನಂಬರ್ ಅಂತ ಎರಡು ಸಲ ಕೂಗ್ದೆ. ನನ್ನನ್ನ ಒಂದ್ಸಲ ನೋಡಿದ್ರು, ಮುಖ ತಿರುಗಿಸ್ಕೊಂಡು ಹೋಗೇಬಿಟ್ರು. ಬಕ್ಷೀಸು ಬೇಡ ಬೆಹನ್, ಒಂದು ಸಲಾಂ?’

ಸಲಾಮಿಗೆ ಮರುಸಲಾಂ ಹೇಳದ ಮಾಮೂ ನನಗೆ ಗೊತ್ತಿಲ್ಲ. ಕತ್ತೆಗೂ ಸಲಾಂ ಹೇಳುವವರು ನೀವು.

ಹಾಗಾದರೆ ಯಾರೋ ನಿಮಗೆ ಹೇಳಿರಬೇಕು. ಹೇಳಿದ್ದು ನಿಜ. ಏಪ್ರಿಲಿನಲ್ಲಿ ನಾನು ಫೇಲಾಗಿದ್ದೆ. ಕಾಗದಪತ್ರದ ಕೆಲಸ ಎಂದದ್ದು ಸುಳ್ಳು. ಮತ್ತೆ ಕೂತು ಬರೆದೆ. ನೀವು ದೊಡ್ಡಪ್ಪಂದಿರ ಎದುರು ಎರಡು ದಿನ ಮಾತಾಡಿ ಕಳಿಸಿದ ಹುಡುಗಿ ಮೊದಲ ಸಲ ಫೇಲಾದಳು ಎಂದು ಹೇಗೆ ಬರೆಯಲಿ? ನೀವು ಆಗಲೇ ಎಲ್ಲರಿಗೂ ಪಾಸು ಎಂದು ಹೇಳಿದ್ದಿರಿ. ನಿಮ್ಮ ಮಾತು ಸುಳ್ಳಾಯಿತಲ್ಲ, ಅದಕ್ಕೆ ನಿಮಗೆ ನಾಚಿಕೆಯಾಗಿದೆ. ಮೂರನೆಯವಳಾದರೂ ಆ ನಾಚಿಕೆ ಹೋಗಲಿಲ್ಲ.

ಖಪ್ಲುವಿನ ಆಸ್ಪತ್ರೆಯಲ್ಲಿ ನನಗೆ ಜಾಗ ಇದೆ ಎಂದಿದ್ದಾರೆ. ಇಲ್ಲಿ ಕರಾಚಿಯಲ್ಲೂ ಇದೆ. ಡಿಸೆಂಬರ್ ಹದಿನೈದರೊಳಗೆ ಒಂದಕ್ಕೆ ಹೂಂ ಅನ್ನಬೇಕು. ಊರಿನ ಸೇತುವೆಯ ಮೇಲೆ ನನ್ನ ಹೆಸರು ಕೇಳಿ ಮುಖ ತಿರುಗಿಸುವ ಹಾಗಿದ್ದರೆ ಇಲ್ಲೇ ಇರುತ್ತೇನೆ.

ಕನೀಜ್

*

ಬ್ರಾಕ್‌ದೋ
೨೦ ನವೆಂಬರ್ ೧೯೯೪

ನನ್ನ ಕನೀಜ್‌ಗೆ, ಇಡೀ ಶಾಲೆಗೆ ಮೂರನೆಯವಳಿಗೆ, ಮಾಮೂನ ಸಲಾಂ. ಶೇರ್ ಜಮಾನನಿಗೂ ನಾಲ್ಕು ಸಲಾಂ ಹೇಳಿದ್ದೇನೆ, ಒಂದು ಬಾಕಿಯದು, ಮೂರು ಬಡ್ಡಿ. ಈ ಪತ್ರವನ್ನು ಅವನೇ ಸ್ಕರ್ದುವಿಗೆ ಒಯ್ಯುತ್ತಿದ್ದಾನೆ. ಬೇಗ ಮುಟ್ಟಲಿ ಎಂದು ಅವನಿಗೆ ಹೆಂಟೆಕೋಳಿಯನ್ನೇ ಕೊಟ್ಟಿದ್ದೇನೆ.

ಈ ಸಲ ಮೇಕೆಯಿಲ್ಲದೆ ಬರೆಯುತ್ತೇನೆ.

ಜಲಪಾತದ ಬುಡದಲ್ಲಿ ಆದದ್ದು ಸಣ್ಣದಲ್ಲ. ನೀರಿನ ಧೂಳಿಗೆ ನನಗೆ ಸೀನು ಬಂತು. ಸೀನಿದೆ, ಮರುಗಳಿಗೆಯಲ್ಲೇ ‘ಅಲ್ಹಮ್ದುಲಿಲ್ಲಾ’ ಅಂದೆ. ಅಪ್ಪ ಅಂದ ಹಾಗೇ, ಅದೇ ದನಿಯಲ್ಲಿ. ತಖಿ ಜೇಬಿಗೆ ಕೈ ಹಾಕಲಿಲ್ಲ. ರುಸ್ತಮ್ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಬೇಡ ಕಣೋ ಮೆಹದಿ, ಇದು ನಿಮ್ಮ ರಕ್ತದಲ್ಲೇ ಇದೆ’ ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೇಡಿಕೊಳ್ಳಲೂ ಇಲ್ಲ, ನಾನು ಬೇಡವೆನ್ನಲೂ ಇಲ್ಲ. ಡೇರೆಯಲ್ಲಿ ಮುಸುಕು ಹಾಕಿ ಮಲಗಿದೆ. ಆ ದಿನದ ದಂಡ ಹದಿನೈದು ಎಂದು ಬರೆದಿದ್ದೆನಲ್ಲ, ನಿಜಕ್ಕೂ ಮುನ್ನೂರ ಎಂಬತ್ತೈದು.

ಅಕ್ಟೋಬರ್ ಇಪ್ಪತ್ನಾಲ್ಕರ ಬೆಳಿಗ್ಗೆ ಮಾಳಿಗೆಗೆ ಮಣ್ಣು ಮೆತ್ತುತ್ತಿದ್ದೆ. ಕೆಳಗೆ ರುಸ್ತಮ್ ಬಂದು ನಿಂತ.

‘ಇಳಿ. ತಖಿ ಗಿರಣಿ ಏಣಿಯಿಂದ ಬಿದ್ದು ಮೊಣಕಾಲು ಊದಿಸ್ಕೊಂಡಿದಾನೆ.’

‘ಎಣ್ಣೆ ತರ್ಲಾ?’

‘ಬುಟ್ಟಿ ತಗೊಂಡು ಬಾ.’

‘ನಾನಾ?’

‘ಬೇರೆ ಯಾರೂ ಇಲ್ಲ. ದಿನ ಗೊತ್ತಾಗಿದೆ, ಗುಂಡಿ ತೆರೆದಿದೆ. ಕೈ ತೊಳ್ಕೊ. ನಿಮ್ಮಪ್ಪನ ಗೋರಿ ಹತ್ರ ಹೋಗಿ ಹೇಳಿ ಬಾ, ಏನು ಹೇಳ್ಬೇಕೋ ಎಲ್ಲ ಈಗ್ಲೇ ಹೇಳಿ ಬಾ. ಆಮೇಲೆ ಅವಕಾಶ ಇಲ್ಲ.’

ಹೋಗಿ ಹೇಳಿ ಬಂದೆ. ಏನು ಹೇಳಿದೆನೆಂದು ನಿನಗೂ ಬರೆಯುವುದಿಲ್ಲ.

ಹೆಣ್ಣು ಹಿಮ ನನ್ನ ಪಾಲಿಗೆ ಬಂತು. ಬಿಳಿ ಹಿಮನದಿಯ ಅಂಚಿನಲ್ಲಿ ರುಸ್ತಮ್ ಗಡ್ಡೆ ಕಡಿದು ನನ್ನ ಬುಟ್ಟಿಗೆ ಇಳಿಸಿದಾಗ ಬೆನ್ನು ಸುಟ್ಟ ಹಾಗಾಯಿತು. ಪರದೇಶದವರ ಹೊರೆ ಇದಕ್ಕಿಂತ ಎರಡರಷ್ಟು ಹೊತ್ತಿದ್ದೇನೆ, ಆದರೆ ಅದು ಕರಗುತ್ತಿರಲಿಲ್ಲ. ಇದು ಹನಿಹನಿಯಾಗಿ ನನ್ನ ಸೊಂಟಕ್ಕೆ ಇಳಿಯುತ್ತಿತ್ತು. ಪ್ರತಿ ಹನಿಗೂ ನಿನ್ನ ಹೊಲದಿಂದ ಒಂದು ಕಾಳು ಹೋಯಿತು ಎನ್ನಿಸುತ್ತಿತ್ತು. ರಾತ್ರಿ ಉಳಿದುಕೊಳ್ಳುವಲ್ಲಿ ಬುಟ್ಟಿಗಳನ್ನು ನೆಟ್ಟ ಕಂಬಗಳಿಗೆ ತೂಗುಹಾಕಿ, ನಾಲ್ವರೂ ಕೈಸನ್ನೆಯಲ್ಲಿ ಹುರಿಹಿಟ್ಟು ಹಂಚಿಕೊಂಡು ತಿಂದೆವು. ಒಂದು ದಿನ ಪೂರ್ತಿ ನಾನು ಮಾತಾಡಲಿಲ್ಲ ಕನೀಜ್. ಮೇಲಿನ ಕೇರಿಯ ಇಬ್ಬರು ನನಗೆ ಜ್ವರವೇ ಎಂದು ಹಣೆ ಮುಟ್ಟಿ ನೋಡಿದರು.

ಎರಡನೆಯ ದಿನ ಹಗ್ಗದ ಸೇತುವೆ. ನಡುಮಧ್ಯೆ ಇದ್ದೆ. ಸೇತುವೆ ತೂಗುತ್ತಿತ್ತು, ಎರಡೂ ಕೈ ಹಗ್ಗದ ಮೇಲೆ, ಎದೆ ಮುಟ್ಟಿ ಸಲಾಂ ಮಾಡಲೂ ಕೈ ಬಿಡುವಂತಿರಲಿಲ್ಲ. ದಡದಿಂದ ಯಾರೋ ಸಲಾಂ ಕೂಗಿದರು. ಆ ಅಂಗಡಿಯವನು ನಮ್ಮವನು, ಬುಟ್ಟಿ ನೋಡಿದ ಕೂಡಲೇ ತಿಳಿದು ತನ್ನ ಬಾಯಿ ಮುಚ್ಚಿಕೊಂಡಿದ್ದ. ಹೊಸಬನ ಬಾಯಿ ಮುಚ್ಚಿಸುವುದರೊಳಗೆ ಅವನು ನಿನ್ನ ಹೆಸರು ಕೂಗಿದ.

‘ಕನೀಜ್ ಪಾಸು! ಮೂರನೇ ನಂಬರ್!’

ಕೂಡಲೇ ಗಂಟಲಿಗೆ ಬಂದದ್ದು ಯಾವ ಮಾತು ಗೊತ್ತೇ? ಅದೇ. ಅಪ್ಪನ ಮಾತು. ಒಳ್ಳೆಯ ಸುದ್ದಿ ಕೇಳಿದರೂ ನಮ್ಮವರು ಅದನ್ನೇ ಹೇಳುವುದು! ನಾಲಿಗೆಯ ತುದಿಗೆ ಬಂದು ನಿಂತಿತು, ಬಿಸಿಯಾಗಿ. ಬೆನ್ನ ಮೇಲೆ ಹಿಮ, ಬಾಯಲ್ಲಿ ಬೆಂಕಿ. ಜೀವಮಾನವಿಡೀ ಇಲ್ಲದ್ದನ್ನು ಕೊಚ್ಚಿಕೊಂಡವನು ನಾನು. ಮೊದಲ ಸಲ ಇರುವುದೊಂದು ಕೈಗೆ ಬಂತು, ಆಗ ಬಾಯಿ ಬಿಡುವ ಹಾಗಿಲ್ಲ. ತಲೆ ಬಗ್ಗಿಸಿ, ಮುಖದ ಮೇಲೆ ಜಾರಿದ ಟೊಪ್ಪಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಟೊಪ್ಪಿಯ ಅಂಚಿನಲ್ಲಿ ಈಗ ತೂತಿದೆ, ಬಂದಾಗ ತೋರಿಸುತ್ತೇನೆ. ಅವನು ಎರಡನೆಯ ಸಲ ಕೂಗಿದಾಗ ಮುಖ ತಿರುಗಿಸಿದ್ದು ನಿಜ. ಗಂಡಸು ಸೇತುವೆಯ ಮೇಲೆ ಅಳುವುದನ್ನು ಚಿಲಾಸ್‌ನವನು ಯಾಕೆ ನೋಡಬೇಕು?

ನನ್ನ ಹಿಂದೆ ರುಸ್ತಮ್ ಇದ್ದ. ಎಲ್ಲ ಕೇಳಿದ್ದ. ಸೇತುವೆ ದಾಟಿ ಏರು ಶುರುವಾದಾಗ ನನ್ನ ಬುಟ್ಟಿಯ ಕೆಳಗೆ ಅವನ ಕೈ ಬಂತು, ಸ್ವಲ್ಪ ಎತ್ತಿ ಹಿಡಿಯಿತು. ಅವನ ಬೆನ್ನ ಮೇಲೂ ಬುಟ್ಟಿಯಿತ್ತು. ಗುಂಡಿಗೆ ನೂರು ಹೆಜ್ಜೆ ಇರುವ ಜಾಗದಲ್ಲಿ, ಅಲ್ಲಿ ಒಂದು ಬಿರುಕು ಬಂಡೆ ಇದೆ, ಅವನು ನಡಿಗೆ ನಿಧಾನ ಮಾಡಿದ. ನಾನು ಎಣಿಸಿದೆ. ತೊಂಬತ್ತೆಂಟು ಹೆಜ್ಜೆ, ಊರಿನವರು ಎರಡು ಹೆಚ್ಚಿಗೆ ಹೇಳಿದ್ದರು.

ಗಂಡನ್ನೂ ಹೆಣ್ಣನ್ನೂ ಜೊತೆಗಿಟ್ಟೆವು. ಇದ್ದಿಲು, ಹೊಟ್ಟು, ಮೇಲೆ ಕಲ್ಲು. ಶೇಖ್ ಸಾಹೇಬರು ದುವಾ ಓದಿ ಮುಗಿಸಿದರು. ಇನ್ನು ಮಾತಾಡಬಹುದು ಎಂದು ಬಾಯಿ ತೆರೆಯುವಷ್ಟರಲ್ಲಿ ರುಸ್ತಮ್ ಬೆರಳೆತ್ತಿದ.

‘ತಾಳು. ಹೊಸ ಮದುವೆ ಮನೆ ಬಾಗಿಲಲ್ಲಿ ಗದ್ದಲ ಬೇಡ. ಊರು ಮುಟ್ಟೋವರೆಗೆ ಹಳೇ ದಂಡ ಜಾರಿಯಲ್ಲಿದೆ. ಸಲಕ್ಕೆ ಐದು ರೂಪಾಯಿ.’ ಜೇಬು ಅಲುಗಾಡಿಸಿದ. ತಖಿಯ ಬೀಜಗಳನ್ನೆಲ್ಲ ತಂದಿದ್ದ ಕಳ್ಳ!

ನಾನು ಗುಂಡಿಯ ಕಡೆ ತಿರುಗಿ, ‘ಅಲ್ಹಮ್ದುಲಿಲ್ಲಾ’ ಅಂದೆ.

ರುಸ್ತಮ್ ಜೇಬಿನಿಂದ ಕೈ ತೆಗೆದ. ‘ಅದಕ್ಕೆ ದಂಡ ಇಲ್ಲ,’ ಅಂದ. ‘ಅದು ನಿಮ್ಮಪ್ಪಂದು. ಈಗಿಂದ ಎಣಿಸ್ತೀನಿ.’

ಎಣಿಸಿದ. ಇಳಿಯುವ ದಾರಿಯಲ್ಲಿ ಕಂಡ ಕುರುಬನಿಗೆ ಹೇಳಿದೆ, ಅವನ ಮೇಕೆಗಳಿಗೆ ಬೇರೆಬೇರೆಯಾಗಿ ಹೇಳಿದೆ. ಜಲಪಾತದ ಎದುರು ನಿಂತು ಕೂಗಿ ಹೇಳಿದೆ, ಅದಕ್ಕೆ ಕಿವುಡು, ಮತ್ತೆ ಮತ್ತೆ ಹೇಳಬೇಕಾಯಿತು. ಮೇಲಿನ ಕೇರಿಯ ಇಬ್ಬರು ಮುಂದೆ ಓಡಿದರು. ರುಸ್ತಮನಿಗೆ ಬೀಜ ಮುಗಿದು, ಕಲ್ಲು ಹೆಕ್ಕಿಕೊಳ್ಳುತ್ತ ಬಂದ.

‘ಮೂರನೆಯವಳಾ?’ ಅಂದ, ಬೇಕೆಂದೇ. ‘ಹಂಗಾದ್ರೆ ಮೊದ್ಲೆರಡು ಯಾರಂತೆ?’

‘ಯಾರಾದ್ರೇನು? ಪಕ್ಕದಲ್ಲಿ ಕೂತು ಇವಳದ್ದು ನೋಡಿ ಬರ್ದಿರ್ತಾರೆ.’

‘ನೋಡಿ ಬರ್ದೋರು ಮೇಲೆ ಹೋದ್ರು, ಇವಳು ಕೆಳಗೆ ಬಂದ್ಳಾ?’

‘ಪಾಪ ಅಂತ ಬಿಟ್ಟುಕೊಟ್ಟಿರ್ತಾಳೆ ಕಣೋ, ನಮ್ಮ ಮನೆ ಹುಡುಗಿ!’

ರುಸ್ತಮ್ ದಾರಿಯಲ್ಲೇ ಕೂತು ಹೊಟ್ಟೆ ಹಿಡಿದು ನಕ್ಕ. ಅವನು ನಕ್ಕಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ನಗುತ್ತಲೇ ಮೂರು ಕಲ್ಲು ಜೇಬಿಗೆ ಹಾಕಿಕೊಂಡ.

ಇನ್ನು ಏಪ್ರಿಲಿನ ವಿಷಯ. ನೀನು ಫೇಲಾದದ್ದು ನನಗೆ ಮೇ ತಿಂಗಳಲ್ಲೇ ಗೊತ್ತಿತ್ತು. ಖಪ್ಲುವಿನ ಕಾಂಪೌಂಡರನ ತಂಗಿ ನಿನ್ನ ಶಾಲೆಯಲ್ಲೇ ಓದುತ್ತಾಳೆ, ಅವನು ಹೇಳಿದ. ಅವನಿಗೆ ಕುರಾನಿನ ಮೇಲೆ ಆಣೆ ಹಾಕಿಸಿ ಬಾಯಿ ಮುಚ್ಚಿಸಿದೆ. ನಾನೂ ಮುಚ್ಚಿಕೊಂಡೆ. ನಿನಗೂ ಬರೆಯಲಿಲ್ಲ, ಏಕೆಂದರೆ ನೀನೇ ಹೇಳದೆ ಇದ್ದದ್ದನ್ನು ನಾನು ಹೇಗೆ ಕೇಳಲಿ? ‘ಕನೀಜ್ ಪಾಸು’ ಎಂದು ಊರಿಗೆಲ್ಲ ಹೇಳುತ್ತಿದ್ದೆನಲ್ಲ, ಯಾರಾದರೂ ಬೇರೆ ಮಾತು ಆಡುವ ಮುಂಚೆ ಜಾಗ ಹಿಡಿದಿಟ್ಟೆ, ಅಷ್ಟೇ. ಮೇಯಿಂದ ಅಕ್ಟೋಬರಿನವರೆಗೆ ಐದು ತಿಂಗಳು ಕನೀಜ್, ರುಸ್ತಮನ ಹೆಗಲಿಗೆ ಹೆಗಲು ಕೊಟ್ಟು ಕೂತಾಗಲೂ ಒಂದು ಮಾತು ಬಿಡಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿರಬಲ್ಲೆ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿರಲಿಲ್ಲ. ಅದನ್ನು ಅವನಿಗೆ ತೋರಿಸುವ ಹಾಗೂ ಇರಲಿಲ್ಲ.

ಮೊದಲ ಸಲ ಫೇಲಾಗಿ ಮತ್ತೆ ಕೂತು ಮೂರನೆಯವಳಾದವಳು ನಮ್ಮ ಕಣಿವೆಯಲ್ಲಿ ಇನ್ಯಾರಿದ್ದಾರೆ? ನೇರವಾಗಿ ಪಾಸಾಗುವುದು ಏನು ದೊಡ್ಡದು, ಎಲ್ಲರೂ ಆಗುತ್ತಾರೆ.

ಖಪ್ಲುವಿಗೆ ಹೂಂ ಅನ್ನು. ಹಿಮ ಉಳಿಯಿತೋ ಇಲ್ಲವೋ ತಿಳಿಯಲು ಹನ್ನೆರಡು ವರ್ಷ ಬೇಕು, ಅಷ್ಟು ವರ್ಷ ಪ್ರತಿ ಬೇಸಿಗೆ ಮೇಲೆ ಹೋಗಿ ನೋಡಿ ಬರಲು ನನಗೊಬ್ಬರು ಜೊತೆ ಬೇಕು. ಕೆಳಕೇರಿಯ ಮಕ್ಕಳು ನಮ್ಮನ್ನು ಇನ್ನೂ ಬಾಯಿ ಬಿಟ್ಟವರ ಮನೆ ಎಂದೇ ಕರೆಯುತ್ತಾರೆ. ಕರೆಯಲಿ. ಮೊನ್ನೆ ರುಸ್ತಮ್ ಅವರನ್ನು ಗದರಿಸಲು ಹೋದ, ನಾನೇ ತಡೆದೆ. ಬಾಯಿ ಬಿಟ್ಟೆವು, ಬಿಡುವ ಹೊತ್ತಿಗೆ ಬಿಟ್ಟೆವು.

ನಿನ್ನ ಮಾಮೂ,
ಗುಲಾಮ್ ಮೆಹದಿ, ಹಿಮ ಹೊತ್ತವನು

ಮರೆತಿದ್ದೆ. ನೀನು ಬಂದಾಗ ಕಿತ್ತಳೆ ಡೇರೆ ಎಲ್ಲಿ ಎಂದು ಕೇಳುತ್ತೀ. ಅದು ರುಸ್ತಮನ ಮಾಳಿಗೆಯ ಮೇಲಿದೆ, ದಂಡದಲ್ಲಿ ಸ್ವಲ್ಪಕ್ಕೆ ವಜಾ ಆಯಿತು. ಉಳಿದದ್ದಕ್ಕೆ ನನ್ನ ಹೋರಿಗರುವನ್ನು ಕೊಟ್ಟೆ. ಊರಿನಲ್ಲಿ ಯಾರಾದರೂ ಕೇಳಿದರೆ ಐವತ್ತು ರೂಪಾಯಿ ಹೋಯಿತು ಎನ್ನುತ್ತೇನೆ. ನಿನಗೆ ಮಾತ್ರ ನಿಜ ಹೇಳುತ್ತೇನೆ. ಗುಂಡಿಯಿಂದ ಊರಿನವರೆಗೆ ನಾನೂರ ಹನ್ನೆರಡು ಸಲ ಬಾಯಿ ಬಿಟ್ಟೆ, ಒಂದು ಸಲವೂ ನಿನ್ನನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಎರಡು ಸಾವಿರದ ಅರವತ್ತು ರೂಪಾಯಿ.